ಹೆಸರಿಲ್ಲದಿದ್ದರೆ ಹಾಡಲ್ಲ

“ಇನ್ನು ಇವನ ಹಾಡು ಕೇಳುವವರು ಯಾರು?”

ನನಗೆ ನಾನೇ ಕೇಳಿಕೊಂಡೆ.

ರಮೀರೊ ನೆಲದ ಮೇಲೆ ಬಿದ್ದಿದ್ದ. ಎದೆಯಲ್ಲಿ ಚೂರಿ... ಕಣ್ಣು ತೆರೆದೇ ಇತ್ತು. ಮುಚ್ಚಿದೆ. ಬಾಯಿಗೆ ಬಂದ ದುಆ ಹೇಳಿದೆ. ಅವನು ಏಸುವಿನವನು. ಪರವಾಗಿಲ್ಲ.

ನಾನು ಹುಸೈನಬ್ಬ. ವೀಸಾ, ಪಾಸ್‌ಪೋರ್ಟ್ ಎಂದು ಜನರ ಸಿಕ್ಕು ಬಿಡಿಸುವುದು ನನ್ನ ಕೆಲಸ. ಈ ಸಿಕ್ಕು ಮಾತ್ರ ನಾನೇ ಹಾಕಿದ್ದು!

ರಮೀರೊ ಮೆಕ್ಸಿಕೋದ ಹಾಡುಗಾರ. ಎಂಬತ್ತೆರಡನೇ ಇಸವಿಯಲ್ಲಿ ತಂಡದೊಡನೆ ಗಲ್ಫಿನ ಮನಾಮದ ಹೋಟೆಲಿಗೆ ಬಂದ. ತಂಡ ಊರಿಗೆ ಹೋಯಿತು. ಇವನ ಪಾಸ್‌ಪೋರ್ಟ್ ಹೋಟೆಲಿನ ಕಪಾಟಿನಲ್ಲೇ ಉಳಿಯಿತು, ಇವನೂ ಉಳಿದ. ಎಣ್ಣೆ ಕಂಪೆನಿಯ ಊರಾದ ಅವಾಲಿಯ ಸಾಹೇಬರು ಅವನ ಹಾಡಿಗೆ ಊಟ ಮಾಡುತ್ತಿದ್ದರು, ಕೇಳುತ್ತಿರಲಿಲ್ಲ. ಶುಕ್ರವಾರ ಮಾಹೂಝ್ ಬಡಾವಣೆಯ ಅವನ ಈ ಫ್ಲಾಟಿಗೆ ಬಂದು ಕೇಳುತ್ತಿದ್ದವನು ನಾನೊಬ್ಬನೇ. ಒಂದು ಮಾತೂ ತಿಳಿಯದೆ.

“ನಮ್ಮಲ್ಲಿ ಅನ್ಯಾಯದ ಸಾವಿಗೆ ಹಾಡು ಕಟ್ಟುತ್ತೇವೆ,” ಎಂದಿದ್ದ ಮುರುಕು ಇಂಗ್ಲಿಷಿನಲ್ಲಿ. “ಜಾಗ, ಸತ್ತವನು, ಕೊಂದವನು... ಹೆಸರಿಲ್ಲದಿದ್ದರೆ ಹಾಡಲ್ಲ.”

ನನಗೆ ಉಮ್ಮ ನೆನಪಾದರು. ಸಂಜೆಯ ಮಗ್ರಿಬ್ ನಮಾಝ್ ಕಳೆದು ಅವರು ರಾಗವಾಗಿ ಓದುತ್ತಿದ್ದ ಬೈತ್ ಪದ್ಯಗಳಲ್ಲೂ ಹುತಾತ್ಮರ ಒಬ್ಬೊಬ್ಬರ ಹೆಸರೂ ಇರುತ್ತಿತ್ತು. ಅದಕ್ಕೇ ಬಾಯಿ ಬಿಟ್ಟೆ. ಅರಾದ್ ಎಂಬಲ್ಲಿ ಕಟ್ಟಡದಿಂದ ಬಿದ್ದು ಸತ್ತ ಮೇಸ್ತ್ರಿ ಸುಂದರನ ಕತೆ ಹೇಳಿದೆ. ಹಗ್ಗ ಕೊಳೆತದ್ದು ಗೊತ್ತಿದ್ದೂ ಹತ್ತಿಸಿದವನು ಕಂಟ್ರಾಕ್ಟರ್ ಮೊಯ್ದು. ‘ಕುಡಿದು ಬಿದ್ದ’ ಎಂದು ಬರೆಸಿದವನೂ ಅವನೇ.

“ಸ್ಪ್ಯಾನಿಷಿನಲ್ಲಿ ಹಾಡು. ಯಾರಿಗೆ ತಿಳಿಯುತ್ತದೆ!” ಎಂದು ಧೈರ್ಯ ಕೊಟ್ಟವನು ನಾನು.

ಮೂರ್ಖ! ಹೆಸರಿಗೆ ಯಾವ ಭಾಷೆ?

ನಿನ್ನೆ ಹೋಟೆಲಿನಲ್ಲಿ ಮೊಯ್ದು ಊಟಕ್ಕೆ ಕೂತಿದ್ದ. ಹಾಡಿನ ನಡುವೆ ಅವನ ತುತ್ತು ಬಾಯಿಯ ಹತ್ತಿರವೇ ನಿಂತಿತು. ರಮೀರೊ ಅದನ್ನು ಮೆಚ್ಚುಗೆ ಎಂದುಕೊಂಡ! “ಕ್ಯಾಸೆಟ್ ಕೂಡ ಮಾಡಿದ್ದೇನೆ,” ಎಂದ ಮೈಕಿನಲ್ಲಿ.

ಈಗ ಹಾಸಿಗೆ ಹರಿದಿತ್ತು. ಪೆಟ್ಟಿಗೆ ಕವುಚಿ ಬಿದ್ದಿತ್ತು. ಹುಡುಕಿದವನಿಗೆ ಜಾಗ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗಿಟಾರಿನ ಹೊಟ್ಟೆಗೆ ಕೈ ಹಾಕಿದೆ. ಕ್ಯಾಸೆಟ್ ಸಿಕ್ಕಿತು. ಹಾಡು ಉಳಿದಿದ್ದು ಇದೊಂದರಲ್ಲೇ.

ಮೆಟ್ಟಿಲ ಮೇಲೆ ಬೂಟಿನ ಸದ್ದು!

ಕಿಟಕಿ... ಪೈಪು... ಗಲ್ಲಿ. ಹಿಂದೆ ಮೊಯ್ದುವಿನ ಪಿಕಪ್ಪು. ಓಡಿದೆ. ಅಸರ್ ನಮಾಝ್ ಮುಗಿದು ಮಸೀದಿಯಿಂದ ಜನ ಹೊರಬರುತ್ತಿದ್ದರು. ಅವರ ನಡುವೆ ನುಗ್ಗಿ ನಿಂತೆ.

ಮೊಯ್ದು ಇಳಿದ. ಜನ ನೋಡಿ ನಕ್ಕ.

“ಎಂತ ಹುಸೈನಬ್ಬ, ಬೆಕ್ಕಿನ ಹಾಗೆ ಪೈಪಲ್ಲಿ ಇಳಿಯುದಾ?”

“ನಾಯಿ ಬಂತಲ್ಲ ಕಾಕ.”

ನಗು ಹೋಯಿತು. “ಕ್ಯಾಸೆಟ್ ಕೊಡು. ನಿನ್ನ ವೀಸಾ ನನ್ನ ಕಂಪೆನಿಯದ್ದು. ನಾಳೆಯೇ ಪ್ಲೇನ್ ಹತ್ತಿಸ್ತೇನೆ.”

“ಹತ್ತಿಸಿ. ಪೊಲೀಸ್ ಸ್ಟೇಷನ್ ದಾರಿಯಲ್ಲೇ ಉಂಟು.”

“ಯಾವನೋ ಪರದೇಶಿ ಮಾರಾಯ! ಅವನ ಹಾಡು ನಿನಗೆ ಎಂತ ಅರ್ಥ ಆಗ್ತದೆ?”

“ಮೂರು ಮಾತು ಆಗ್ತದೆ. ಅರಾದ್. ಸುಂದರ. ಮೊಯ್ದು.”

ಅವನು ಕೈ ಚಾಚಿದ. “ಕೊಡು.”

“ಕೊಡುದಿಲ್ಲ. ಕಟ್ಟುವವನನ್ನು ಕೊಂದಿರಲ್ಲ, ನಿಮ್ಮ ಮೇಲೆ ಇನ್ಯಾರು ಹಾಡು ಕಟ್ತಾರೆ ಕಾಕ?”