ಪಂಪಿನ ಮೇಲಿನ ಕೆಂಪು ಗೆರೆ

ವ್ಯಾನು ಗ್ಯಾರೇಜಿನ ಬಾಗಿಲಿಗೆ ಬಂದು, ಕೆಮ್ಮಿ, ನಿಂತುಹೋಯಿತು. ಸ್ಟಿಯರಿಂಗ್ ಬಿಟ್ಟು ಇಳಿದವಳನ್ನು ಕಂಡು ಮೆಕ್ಯಾನಿಕ್‌ನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು.

ಎರಡು ವರ್ಷ... ಇದೇ ಬಾಗಿಲಲ್ಲಿ ನಿಂತು, ಬೀದಿಯೆಲ್ಲ ಕೇಳುವಂತೆ, "ನನ್ನ ತಮ್ಮನನ್ನ ಕೊಂದಿದ್ದು ನೀವು" ಎಂದು ಹೇಳಿ ಹೋದವಳು ಅವಳು. ಇವನು ಪಂಪು ರಿಪೇರಿ ಮಾಡಿಕೊಟ್ಟ ಇದೇ ವ್ಯಾನು ಏರಿನಲ್ಲಿ ಕೆಟ್ಟು ನಿಂತಾಗಲೇ ತಮ್ಮ ಲಾರಿಗೆ ಸಿಕ್ಕಿ ಸತ್ತಿದ್ದ. ಅವರಿಬ್ಬರ ಗೊತ್ತಾಗಿದ್ದ ಮದುವೆ ಅಂದೇ ಮುರಿದುಬಿದ್ದಿತ್ತು.

"ಡೀಸೆಲ್ ಸೋರ್ತಿದೆ," ಎಂದಳು, ಅವನ ಮುಖ ನೋಡದೆ. "ನಾಳೆ ಬೆಳಿಗ್ಗೆ ಅಪ್ಪನಿಗೆ ಡಯಾಲಿಸಿಸ್ ಇದೆ."

ಬೇರೆ ಎರಡು ಗ್ಯಾರೇಜಿಗೆ ಅಲೆದು ಬಂದಿದ್ದಳು. ಡೀಸೆಲ್ ಪಂಪನ್ನೇ ಬದಲಾಯಿಸಬೇಕು, ವಾರ ಹಿಡಿಯುತ್ತದೆ ಎಂದಿದ್ದರು. ಅಪ್ಪನ ಕಾಲು ಆಗಲೇ ಊದಿತ್ತು. ಮಲಗಿಸಿಕೊಂಡೇ ಒಯ್ಯಬೇಕಾದ ಮನುಷ್ಯ. ಎರಡು ವರ್ಷ ಶೆಡ್ಡಿನಲ್ಲೇ ನಿಂತಿದ್ದ ಈ ವ್ಯಾನು ಬಿಟ್ಟರೆ ಗತಿಯಿಲ್ಲ.

'ವಿಧಿಯಿಲ್ಲದೆ ಬಂದಿದ್ದೇನೆ. ಕ್ಷಮಿಸಲು ಬಂದಿಲ್ಲ...' ಎಂದುಕೊಂಡಳು.

ಹಿಂದಿನ ಸೀಟಿನಲ್ಲಿ ಮಲಗಿದ್ದ ಅಪ್ಪ ಮೆಲ್ಲಗೆ ತಲೆಯೆತ್ತಿ, "ಏನೋ ಮೌನಿ..." ಎಂದ. ಇವನ ಬಾಯಿ ಬಿಚ್ಚೋಕೆ ಎಷ್ಟನೇ ನಂಬರ್ ಸ್ಪ್ಯಾನರ್ ಬೇಕೋ ಎನ್ನುವುದು ಅಪ್ಪನ ಹಳೆಯ ತಮಾಷೆ. ಇಂದು ಅದನ್ನು ಆಡಲು ಅವನಿಗೆ ಧೈರ್ಯ ಸಾಲಲಿಲ್ಲ.

ಮೌನಿ ಬಾನೆಟ್ ಎತ್ತಿದ. ಪಂಪನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆದು, ಬಟ್ಟೆಯಿಂದ ಒರೆಸಿ, ಮುಖಕ್ಕೆ ಹಚ್ಚುವ ಪೌಡರನ್ನು ಅದರ ಮೈತುಂಬ ಉದುರಿಸಿದ. ಎಂಜಿನ್ ಶುರು ಮಾಡಿಸಿದ.

"ತೊಟ್ಟಿಕ್ಕೋ ಜಾಗ ನೋಡಿದ್ರೆ ಮೋಸ ಹೋಗ್ತೀವಿ. ಎಲ್ಲಿಂದಲೋ ಹರಿದು ಬಂದಿರುತ್ತೆ. ಪೌಡರ್ ಎಲ್ಲಿ ಮೊದಲು ಒದ್ದೆಯಾಗುತ್ತೋ ನೀವೇ ನೋಡಿ."

ನೀವು... ಒಂದು ಕಾಲಕ್ಕೆ 'ನೀನು' ಎನ್ನುತ್ತಿದ್ದವನು. ಅದು ಚುಚ್ಚಿತೇಕೆಂದು ಅವಳಿಗೆ ತಿಳಿಯಲಿಲ್ಲ.

ಪೈಪುಗಳ ಸಂದಿಯೆಲ್ಲ ಒಣಗಿಯೇ ಇತ್ತು. ಪಂಪಿನ ಮೇಲ್ಮುಚ್ಚಳದ ಅಂಚಿನಲ್ಲಿ ಮಾತ್ರ ಬಿಳಿ ಪೌಡರು ಒದ್ದೆ ಬೂದಿಯ ಬಣ್ಣಕ್ಕೆ ತಿರುಗುತ್ತ ಬಂತು. ಎಂಜಿನ್ ನಿಲ್ಲಿಸಿ, ಟಾರ್ಚ್ ಹಿಡಿದು ಬಗ್ಗಿದವಳಿಗೆ ಕೆಂಪು ಬಣ್ಣ ಕಾಣಿಸಿತು.

ಅವಳದೇ ನೇಲ್ ಪಾಲಿಶ್! ಮದುವೆ ಗೊತ್ತಾದ ಹೊಸತರಲ್ಲಿ ಅವಳೇ ಕೊಟ್ಟಿದ್ದು. ಮೌನಿ ಯಾವ ಬೋಲ್ಟನ್ನೇ ಬಿಗಿಯಲಿ, ಅದರ ತಲೆಯಿಂದ ಮುಚ್ಚಳದವರೆಗೆ ಒಂದು ನೇರ ಗೆರೆ ಎಳೆಯುತ್ತಿದ್ದ. ಮತ್ತೆ ಯಾರಾದರೂ ಬಿಚ್ಚಿದರೆ ಗೆರೆ ಕೂಡುವುದಿಲ್ಲ.

ಇಲ್ಲಿ ನಾಲ್ಕು ಬೋಲ್ಟುಗಳ ಗೆರೆಯೂ ಕೂಡಿರಲಿಲ್ಲ.

"ನೀವು ಹಾಕಿದ್ದನ್ನ ಯಾರೋ ಬಿಚ್ಚಿದ್ದಾರೆ... ಯಾರು?"

ಮೌನಿ ಸ್ಪ್ಯಾನರ್ ಕೈಗೆತ್ತಿಕೊಂಡ. ಉತ್ತರ ಹಿಂದಿನ ಸೀಟಿನಿಂದ ಬಂತು.

"ನಿನ್ನ ತಮ್ಮ. ಟಾರ್ಚ್ ಹಿಡಿದಿದ್ದು ನಾನು, ಮಗಳೇ."

ಅಪ್ಪ ತಡೆತಡೆದು ಹೇಳಿದ. ವ್ಯಾನು ಏರಿನಲ್ಲಿ ಎಳೆಯುವುದಿಲ್ಲ ಎಂದು ತಾನೇ ದಿನವೂ ಮಗನನ್ನು ಹಂಗಿಸುತ್ತಿದ್ದ. ಪಂಪಿನೊಳಗಿನ ಸ್ಪ್ರಿಂಗ್ ಬಿಗಿ ಮಾಡಿದರೆ ಹಾರುತ್ತದೆ ಎಂದು ಯಾರೋ ಮಗನ ಕಿವಿಯೂದಿದ್ದರು. ಮಗ ಪಂಪು ಬಿಚ್ಚಿ, ಹರಿದುಹೋದ ರಬ್ಬರ್ ಸೀಲಿಗೆ ಅಂಟು ಮೆತ್ತಿ ಮತ್ತೆ ಕೂರಿಸಿದ. ಮೂರನೆಯ ದಿನ, ಮಂಜು ಕವಿದ ಏರಿನಲ್ಲಿ, ಪಂಪಿಗೆ ಗಾಳಿ ಸೇರಿ ಎಂಜಿನ್ ನಿಂತಿತು. ಬಾನೆಟ್ ಎತ್ತಿ, ಗಾಳಿ ಹೊರಹಾಕಲು ಎಂಜಿನ್ನಿನ ಕೈಪಂಪು ಒತ್ತುತ್ತಿದ್ದವನು ಎದುರಿನ ಲಾರಿಗೆ ಕಾಣಲಿಲ್ಲ.

ಮರುದಿನ ವ್ಯಾನು ನೋಡಲು ಬಂದ ಮೌನಿ ಗೆರೆಗಳನ್ನು ಕಂಡಿದ್ದ. ಅಪ್ಪ ಅವನ ಕಾಲು ಹಿಡಿದಿದ್ದ.

"ಸತ್ತ ಮಗನನ್ನ ಜನ ಆಡಿಕೊಳ್ಳೋದು ಬೇಡ ಅಂದೆ. ನಿಜಕ್ಕೂ ನನ್ನ ತಪ್ಪು ನಿನಗೆ ಗೊತ್ತಾಗುತ್ತೆ ಅನ್ನೋ ಭಯ ಇತ್ತು."

ಅವಳು ಅಪ್ಪನತ್ತ ತಿರುಗಲಿಲ್ಲ. ತಿರುಗಿದ್ದರೆ ಏನೆನ್ನುತ್ತಿದ್ದಳೋ! ಮೌನಿಯನ್ನೇ ನೋಡಿದಳು.

"ಬೀದೀಲಿ ನಿಂತು ಅಷ್ಟೆಲ್ಲ ಅಂದೆನಲ್ಲ... ನೀವಾದ್ರೂ ಹೇಳಬಾರದಿತ್ತಾ?"

"ತಮ್ಮನ ತಪ್ಪು ತೋರಿಸಿ ಅಕ್ಕನ್ನ ಕಟ್ಟಿಕೊಳ್ಳಬೇಕಿತ್ತಾ?"

ಅವಳು ಟಾರ್ಚ್ ಹಿಡಿದಳು. ಅವನು ಸ್ಪ್ರಿಂಗನ್ನು ಮೊದಲಿನಂತೆ ಸಡಿಲಿಸಿ, ಒಣಗಿದ ಅಂಟನ್ನು ಕೆರೆದು, ಹೊಸ ಸೀಲ್ ಕೂರಿಸಿದ. ಕೈಪಂಪು ಒತ್ತುವ ಸರದಿ ಬಂದಾಗ ಅವಳೇ ಮುಂದೆ ಬಂದಳು. ತಮ್ಮನ ಬೆರಳು ಕೊನೆಗೆ ಮುಟ್ಟಿದ್ದು ಇದನ್ನೇ... ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. ಗುಳ್ಳೆ ನಿಂತಿತು, ಸಾಕು ಎಂದು ಅವನು ಎರಡು ಸಲ ಹೇಳಬೇಕಾಯಿತು.

ಮತ್ತೆ ಪೌಡರ್ ಉದುರಿಸಿ ಅರ್ಧ ಗಂಟೆ ಎಂಜಿನ್ ಓಡಿಸಿದರು. ಬಿಳುಪು ಬಿಳುಪಾಗಿಯೇ ಉಳಿಯಿತು.

ಅವನು ಡ್ರಾಯರಿನಿಂದ ಪುಟ್ಟ ಸೀಸೆ ತಂದು ಅವಳ ಮುಂದೆ ಹಿಡಿದ. ತಳದಲ್ಲಿ ಮಂದವಾದ ಒಂದಿಷ್ಟು ಕೆಂಪು. ಮೂರು ಬೋಲ್ಟಿಗೆ ಅವಳು ಎಳೆದ ಗೆರೆ ನೆಟ್ಟಗೆ ಬಂತು. ನಾಲ್ಕನೆಯದರಲ್ಲಿ ಬಣ್ಣ ಅಂಟಿಕೊಂಡು ಬ್ರಶ್ಶು ಜಾರಿತು.

"ಸೊಟ್ಟ ಆಯ್ತು."

"ಇರಲಿ ಬಿಡು. ನೀನು ಎಳೆದಿದ್ದು ಅಂತ ಗೊತ್ತಾಗುತ್ತೆ."

ನೀನು!

ಒಳಗೆ ಅಪ್ಪ ಕೆಮ್ಮಿದ. ಅವಳ ಮುಖ ಮತ್ತೆ ಬಿಗಿದುಕೊಂಡಿತು.

"ನಾಳೆ ಐದು ಗಂಟೆಗೆ ಹೊರಡಬೇಕು. ಅಪ್ಪನ ಜೊತೆ ಒಬ್ಬಳೇ ಅಷ್ಟು ದೂರ... ನನ್ನಿಂದ ಆಗಲ್ಲ. ಬರ್ತೀರಾ?"

"ಬರ್ತೀನಿ." ಸೀಸೆಯ ಮುಚ್ಚಳ ತಿರುಗಿಸುತ್ತ ಅವನು ಕೇಳಿದ, "ನಾಳೆ ಒಂದಿನಕ್ಕಾ?"

ಅವಳು ಬಾನೆಟ್ ಇಳಿಸಿ ಒತ್ತಿದಳು.

"ಡಯಾಲಿಸಿಸ್ ವಾರಕ್ಕೆ ಮೂರು ಸಲ ಇರುತ್ತೆ," ಎಂದಳು.