ಹದಿನಾಲ್ಕನೆಯ ಸಬ್‌ಸ್ಕ್ರೈಬರ್

ಮೊದಲನೇ ಆ್ಯಪ್‌ಗೆ ನಾನು ಹತ್ತಕ್ಕೆ ಮೂರು ಅಂಕ ಕೊಟ್ಟೆ. ಜಗಳ ಶುರುವಾಗಿದ್ದು ಅಲ್ಲಿಂದ.

"ಬರೀ ಮೂರಾ?" ಎಂದ ಮೌನಿ. ನಮ್ಮ ಕಂಪ್ಯೂಟರ್ ಪತ್ರಿಕೆಯ ಆಫೀಸಿನಲ್ಲಿ ಕೆಟ್ಟು ನಿಂತದ್ದನ್ನೆಲ್ಲ ಸರಿಮಾಡುವವನು ಅವನು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಆ ಹೆಸರಿಟ್ಟವಳು ನಾನೇ.

ನಾವು ಸಬ್‌ಸ್ಕ್ರೈಬ್ ಮಾಡಿದ ಚಾನೆಲ್‌ಗಳ ಹೊಸ ವಿಡಿಯೋಗಳನ್ನು ಒಂದೇ ಕಡೆ ತೋರಿಸುವ ಎರಡು ಡೆಸ್ಕ್‌ಟಾಪ್ ಆ್ಯಪ್‌ಗಳ ಹೋಲಿಕೆ, ಈ ತಿಂಗಳ ನನ್ನ ಲೇಖನ. ಮೊದಲನೆಯದು ನೋಡಲು ಚೆಂದ. ಆದರೆ ನಾನು ಆರಿಸಿದ ಎರಡು ವಿಡಿಯೋಗಳ ನಡುವೆ ತನಗೆ ತೋಚಿದ ಮೂರನ್ನು ತುರುಕುತ್ತದೆ. ಎರಡನೆಯದಕ್ಕೆ ಅಲಂಕಾರವಿಲ್ಲ, ಬೂದು ಬಣ್ಣ, ಸಣ್ಣ ಅಕ್ಷರ. ಆದರೆ ನಾನು ಕೇಳಿದ್ದನ್ನಷ್ಟೇ ತೋರಿಸುತ್ತದೆ. ಅದಕ್ಕೆ ಒಂಬತ್ತು.

"ಪಾಪ, ನಿಮ್ಮ ಒಳ್ಳೇದಕ್ಕೇ ತಾನೇ ಅದು ತೋರ್ಸೋದು?"

"ನಾನು ಕೇಳಿದ್ನಾ?"

"ಇಲ್ಲ, ಆದ್ರೂ..."

"ಕೇಳದೇನೇ ಬಂದು ಕಣ್ಣೆದುರು ನಿಲ್ಲೋದನ್ನ ಸಹಿಸೋಕಾಗಲ್ಲ ನನ್ ಕೈಲಿ."

ಅವನು ನಕ್ಕ. ನಗುವಾಗ ಅವನ ಎಡ ಹುಬ್ಬು ಮಾತ್ರ ಮೇಲೇರುತ್ತದೆ. ಅದನ್ನು ನೋಡಬಾರದೆಂದು ನಾನು ಕೀಬೋರ್ಡ್ ನೋಡಿದೆ.

ಆಗಲೇ ಅಕ್ಕನ ಫೋನ್ ಬಂತು. ಅವಳ ದನಿಗೆ ಸ್ಪೀಕರ್ ಬೇಕಿಲ್ಲ.

"ನಾಳೆ ನಾಲ್ಕು ಗಂಟೆಗೆ ಹುಡುಗ ಬರ್ತಾನೆ. ಬೇಗ ಬಾ. ಆ ಹಳೇ ಚಪ್ಪಲಿ ಹಾಕ್ಕೊಂಡು ಬರಬೇಡ."

"ನಾನೆಲ್ಲಿ ಒಪ್ಪಿದೆ?"

"ಒಂದ್ಸಲ ನೋಡಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಅಮ್ಮ ಹೋದಮೇಲೆ ನನ್ನನ್ನು ಬೆಳೆಸಿದವಳು ಅಕ್ಕ. ಅವಳಿಗೆ ಎದುರಾಡಿ ನನಗೆ ಗೊತ್ತೇ ಇಲ್ಲ. ಹಿಂದಿನ ನಾಲ್ವರಿಂದ ತಲೆನೋವು, ಮೀಟಿಂಗು ಅಂತ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಇವನು ಐದನೆಯವನು, ನೆಪಗಳು ಖಾಲಿಯಾಗಿದ್ದವು.

"ಒಳ್ಳೇ ಹುಡುಗನೇ ಇರ್ಬೇಕು," ಎಂದ ಮೌನಿ, ಪಕ್ಕದ ಮೇಜಿನ ಕಂಪ್ಯೂಟರ್‌ನ ಸ್ಕ್ರೂ ಬಿಗಿಯುತ್ತಾ. ಆ ಸ್ಕ್ರೂ ಆಗಲೇ ಬಿಗಿಯಾಗಿತ್ತು.

ನನಗೆ ಮೈಯೆಲ್ಲ ಉರಿಯಿತು. "ನಿಮ್ಮನ್ನ ಯಾರು ಕೇಳಿದ್ರು? ಆ ಕಂಪ್ಯೂಟರ್‌ಗೆ ಎರಡನೇ ಆ್ಯಪ್ ಹಾಕಿ. ನನ್ನ ಪಟ್ಟಿ ಅಲ್ಲಿಗೂ ಸರಿಯಾಗಿ ಬರುತ್ತಾ ನೋಡೋಣ."

ಸುಳ್ಳು ಪಟ್ಟಿ ಇಟ್ಟುಕೊಂಡು ಪರೀಕ್ಷೆ ಮಾಡಬಾರದು ಎಂಬುದು ನನ್ನ ಹಟ. ನಾನು ನಿಜವಾಗಿಯೂ ನೋಡುವ ಚಾನೆಲ್‌ಗಳನ್ನೇ ಫೈಲ್ ಮಾಡಿ ಸಾಗಿಸುತ್ತೇನೆ. ಇವತ್ತು ಸಿಟ್ಟಿನ ಭರದಲ್ಲಿ, 'ನೋಡಿದ್ದರ ವಿವರವೂ ಸೇರಲಿ' ಎಂಬಲ್ಲಿದ್ದ ಟಿಕ್ ತೆಗೆಯಲು ಮರೆತೆ.

ಆ್ಯಪ್ ತೆರೆಯಿತು. ನಿನ್ನೆ ನಾನು ನೋಡುತ್ತಾ ನಿಲ್ಲಿಸಿದ್ದ ಕಡೆಗೇ ನೇರವಾಗಿ ಹೋಗಿ ನಿಂತಿತು.

ಹಳೆಯ ಹೊಲಿಗೆ ಮಷಿನ್, ಅದಕ್ಕೆ ಎಣ್ಣೆ ಬಿಡುತ್ತಿರುವ ಎರಡು ಕೈ. ಮೌನಿಯ ಕೈ. ಮನೆಯಲ್ಲಿ ಅವನು ಹೊಲಿಗೆ ಮಷಿನ್‌ಗಳನ್ನು ರಿಪೇರಿ ಮಾಡಿ, ಅದನ್ನು ತನ್ನ ಪುಟ್ಟ ಚಾನೆಲ್‌ಗೆ ಹಾಕುತ್ತಾನೆ. ಯಾರಿಗೋ ಹೇಳುತ್ತಿದ್ದದ್ದು ಒಮ್ಮೆ ನನ್ನ ಕಿವಿಗೂ ಬಿದ್ದಿತ್ತು. ಆ ವಿಡಿಯೋಗಳಲ್ಲಿ ಮಾತಿಲ್ಲ, ಮುಖವಿಲ್ಲ. ಆದರೆ ಈ ಒಂದರಲ್ಲಿ, ನಾಲ್ಕು ನಿಮಿಷ ಹನ್ನೆರಡನೇ ಸೆಕೆಂಡಿಗೆ, ಒರೆಸಿಟ್ಟ ಸ್ಟೀಲ್ ತಗಡಿನಲ್ಲಿ ಅವನ ಅರ್ಧ ಮುಖ ಕಾಣುತ್ತದೆ. ಎಡ ಹುಬ್ಬು ಮೇಲೇರಿದೆ. ನಾನು ನಿಲ್ಲಿಸಿದ್ದು ಅಲ್ಲೇ.

ಕೆಳಗೆ ಸ್ಪಷ್ಟವಾಗಿ ಬರೆದಿತ್ತು: ನೋಡಿದ್ದು ನಲವತ್ತೊಂದು ಸಲ.

ಮೌನಿ ಸ್ಕ್ರೀನ್ ನೋಡಿದ. ನನ್ನನ್ನು ನೋಡಿದ. ಮತ್ತೆ ಸ್ಕ್ರೀನ್ ನೋಡಿದ. "ಇದು... ಟೆಸ್ಟ್‌ಗೆ ಅಂತ ಹಾಕಿದ್ದಾ?"

ನೆಪವನ್ನು ಅವನೇ ನನ್ನ ಕೈಗಿಡುತ್ತಿದ್ದ. ಹೌದು ಅಂದುಬಿಟ್ಟರೆ ಮಾನ ಉಳಿಯುತ್ತಿತ್ತು. ನಾಳೆ ಹೊಸ ಚಪ್ಪಲಿ ಹಾಕಿಕೊಂಡು ಹೋಗಿ ಯಾರದೋ ಎದುರು ಕೂರುವುದಷ್ಟೇ ಬಾಕಿ. ಆದರೆ ನನಗೆ ನೆಪಗಳು ಸಾಕಾಗಿದ್ದವು.

"ಅಲ್ಲ. ನೋಡ್ತೀನಿ. ದಿನಾ ನೋಡ್ತೀನಿ. ಏನೀಗ?"

ಅವನ ಕಿವಿ ಕೆಂಪಗಾಯಿತು. "ನನ್ನ ಚಾನೆಲ್‌ಗೆ ಇರೋದು ಹದಿನಾಲ್ಕು ಜನ. ಹದಿಮೂರು ಜನ ನೆಂಟರು, ಅವರ್ಯಾರೂ ನೋಡಲ್ಲ. ಉಳಿದ ಒಬ್ಬರು ಯಾರು ಅಂತ ಎರಡು ವರ್ಷದಿಂದ ತಲೆ ಕೆಡಿಸ್ಕೊಂಡಿದ್ದೀನಿ. ಆ ಒಬ್ಬರಿಗೋಸ್ಕರಾನೇ ವಿಡಿಯೋ ಹಾಕ್ತಿದ್ದೆ. ಅದು ನೀವೇ ಆಗಿರ್ಲಪ್ಪಾ ಅಂತಾನೂ ಅಂದ್ಕೋತಿದ್ದೆ."

"ಅದನ್ನ ಬಾಯ್ಬಿಟ್ಟು ಹೇಳೋಕೇನಾಗಿತ್ತು?"

"ನಿಮಗೇನಾಗಿತ್ತು?"

ಫೋನ್ ಎತ್ತಿಕೊಂಡೆ.

"ಅಕ್ಕಾ, ನಾಳೆ ಬರೋರಿಗೆ ಬರಬೇಡಿ ಅಂತ ಹೇಳು."

"ಯಾಕೆ, ಮತ್ತೆ ತಲೆನೋವಾ?"

"ಇಲ್ಲ, ಗುಂಡುಕಲ್ಲಿನ ಹಾಗಿದ್ದೀನಿ. ನನಗೆ ಬೇಕಾದವರನ್ನ ನಾನೇ ಆರಿಸ್ಕೊಂಡಿದ್ದೀನಿ. ಇನ್ಮೇಲೆ ಯಾರನ್ನೂ ತೋರಿಸ್ಬೇಡ."

"ಯಾರೇ ಅವನು? ಏನ್ ಮಾಡ್ತಾನೆ?"

"ರಿಪೇರಿ ಮಾಡ್ತಾರೆ."

"ರಿಪೇರಿಯವನಾ! ತಲೆ ನೆಟ್ಟಗಿದ್ಯಾ ನಿಂಗೆ?"

"ಇದೆ. ಸಿಟ್ಟು ಮಾಡ್ಕೋ ಅಕ್ಕ, ಎಷ್ಟು ಬೇಕಾದ್ರೂ ಮಾಡ್ಕೋ. ಈ ಮಾತು ಮಾತ್ರ ಬದಲಾಗಲ್ಲ."

ಅಕ್ಕ ಪಟ್ಟನೆ ಫೋನ್ ಇಟ್ಟಳು. ನನ್ನ ಎದೆ ಹಗುರವಾಗಿತ್ತು.

"ನಾಳೆ ನಾಲ್ಕು ಗಂಟೆ ಖಾಲಿ ಆಯ್ತಲ್ಲ," ಎಂದ ಮೌನಿ ಮೆಲ್ಲಗೆ. "ನಾನು ಬರ್ಲಾ? ಅಕ್ಕ ಬೈದ್ರೆ ಕೂತು ಬೈಸ್ಕೋತೀನಿ."

"ಬನ್ನಿ. ಆದ್ರೆ ಒಂದು ಷರತ್ತು."

"ಏನು?"

"ಅರ್ಧ ಮುಖ ನೋಡಿ ನೋಡಿ ಸಾಕಾಗಿದೆ ನನಗೆ."

ಅವನು ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತ. ಮುಖವನ್ನು ಪೂರ್ತಿ ನನ್ನ ಕಡೆ ತಿರುಗಿಸಿದ. ಎಡ ಹುಬ್ಬು ಮೇಲೇರಿತು.

ಈ ಸಲ ನಾನು ಕೀಬೋರ್ಡ್ ನೋಡಲಿಲ್ಲ.