ಒದ್ದೆಯಾಗದ ಅಂಗಿ

ನನಗೆ ಮರೆವು ಅಂತ ಹೇಳಿದ್ದು ಯಾರು? ಹೋದ ಸಲದ ಕಥೆಗೆ "ಅಜ್ಜ ಕಟ್ಟಿ ಹೇಳ್ತಾರೆ" ಅಂತ ಬರೆದವರೇ, ನಿಮ್ಮ ಚಾರ್ಜರ್ ಎಲ್ಲಿಟ್ಟಿದ್ದೀರಿ ಅಂತ ನಿಮಗೇ ನೆನಪಿರುವುದಿಲ್ಲ. ನಾನು ಈ ಕಥೆಯವರ ಎದುರು ಮನೆಯವನು. ಸುಮ್ಮನೆ ಕೇಳಿ.

ಅವಳು ದರ್ಜಿ. ಸೋದರತ್ತೆಯ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅಂದು ಬೆಳಿಗ್ಗೆ ಬಾಗಿಲು ತೆಗೆದು ಹೊರಗೆ ಕಾಲಿಟ್ಟಳು, ಅಷ್ಟೇ. ತಲೆಯ ಮೇಲೆ ಧೊಪ್ಪೆಂದು ಬಿತ್ತು... ಕೊಳೆತ ಎಲೆ, ಕಪ್ಪು ನೀರು, ಹಕ್ಕಿಗೂಡಿನ ಹುಲ್ಲು.

ಕಣ್ಣೊರೆಸಿಕೊಂಡು ನೋಡಿದರೆ ಏಣಿಯ ಮೇಲೊಬ್ಬ. ಅವನ ಮುಖದಲ್ಲಿ ರಕ್ತವಿಲ್ಲ.

"ಮೇಡಂ... ಬಾಗಿಲು ತೆಗೀಬೇಡಿ ಅಂತ ಒಳಗೆ ಹೇಳಿದ್ದೆ."

"ಯಾರಿಗೆ?"

ಒಳಗಿನಿಂದ ಅತ್ತೆಯ ದನಿ ಬಂತು. "ನನಗೇ ಕಣೇ, ಮರೆತೆ. ಹುಡುಗ ಒಳ್ಳೆಯವನು, ಬೈಬೇಡ."

ಅವನು ದೋಣಿಯವನು. ಹೊಳೆ ದಾಟುವ ದೋಣಿಯಲ್ಲ. ಮಾಡಿನ ನೀರು ಗೋಡೆಗೆ ಬೀಳದಂತೆ ಸೂರಿನಂಚಿಗೆ ಕಟ್ಟುತ್ತಾರಲ್ಲ, ಆ ತಗಡಿನ ದೋಣಿ. ಹಳೆಯದು ತುಕ್ಕು ಹಿಡಿದು ತೂತಾಗಿತ್ತು. ಹೊಸದು ಕಟ್ಟಲು ಅತ್ತೆ ಕರೆಸಿದ್ದಳು.

ಅವನು ಸೂರಿನುದ್ದಕ್ಕೂ ದಾರ ಎಳೆದು ಕಟ್ಟಿ, ಅದರ ನೇರಕ್ಕೆ ಕೊಕ್ಕೆ ಬಡಿಯುತ್ತಿದ್ದ. ಅವಳ ಹೊಲಿಗೆ ಯಂತ್ರ ನಿಂತು ನಿಂತು ಓಡುತ್ತಿತ್ತು. ಕಣ್ಣು ಕಿಟಕಿಯಲ್ಲಿದ್ದರೆ ಇನ್ನೇನಾಗುತ್ತದೆ?

"ನೀವೂ ದಾರ ಹಿಡಿದೇ ಕೆಲಸ ಮಾಡ್ತೀರಾ?"

"ನೀರು ಇಳಿಯೋ ಪೈಪಿನ ಕಡೆ ಸ್ವಲ್ಪ ಇಳಿಜಾರು ಬೇಕು ಮೇಡಂ. ಇಲ್ಲಾಂದ್ರೆ ನೀರು ಅಲ್ಲೇ ಮಲಗಿಬಿಡುತ್ತೆ."

"ನಿಮ್ಮ ಅಂಗಿಗೂ ಇಳಿಜಾರಿದೆ. ಎಡಗಡೆ ತೋಳು ನೋಡಿ. ಯಾರು ಹೊಲಿದ್ರು?"

"ಅಂಗಡೀಲಿ ನೇತುಹಾಕಿದ್ರು. ತಗೊಂಡೆ."

"ಬಟ್ಟೆ ತನ್ನಿ. ನಾನು ಹೊಲಿದುಕೊಡ್ತೀನಿ."

ಮರುದಿನವೇ ನೀಲಿ ಚೌಕಳಿ ಬಟ್ಟೆ ತಂದ. ಅಳತೆ ತೆಗೆಯುವಾಗ ಒಂದೇ ಭುಜವನ್ನು ಮೂರು ಸಲ ಅಳೆದಳು. 'ಊರವರ ಭುಜವನ್ನೆಲ್ಲ ಅಳೆದವಳು ನಾನು... ಇವತ್ತೇನಾಯ್ತು?'

ದೋಣಿ ಕಟ್ಟಿಯಾಯಿತು. ಈ ತುದಿಯಲ್ಲಿ ಬಕೆಟ್ ನೀರು ಸುರಿದು, ಅದು ಆ ತುದಿಯ ಪೈಪಿನಲ್ಲಿ ಸರಾಗವಾಗಿ ಇಳಿಯುವುದನ್ನು ತೋರಿಸಿದ. "ಅಂಗಿ ಆದಾಗ ಹೇಳಿ ಕಳಿಸಿ" ಅಂದು ಏಣಿ ಹೊತ್ತು ಹೊರಟ.

ಅಂಗಿ ಬೇಗನೇ ಆಯಿತು. ಅವಳು ಅದನ್ನು ಗೋಡೆಗೆ ನೇತುಹಾಕಿದಳು, ಹೇಳಿ ಕಳಿಸಲಿಲ್ಲ. ಕೊಟ್ಟುಬಿಟ್ಟರೆ ಅವನು ಮತ್ತೆ ಬರುವುದಕ್ಕೆ ನೆಪವೇ ಇಲ್ಲವಲ್ಲ...

ಅಷ್ಟರಲ್ಲಿ ಮಳೆ ಬಂತು. ದೋಣಿ ತುಂಬಿತು, ಉಕ್ಕಿತು. ನೀರು ಗೋಡೆಗುಂಟ ಇಳಿದು ಕಿಟಕಿಯ ಸಂದಿಯಿಂದ ಒಳಗೆ ಧುಮುಕಿತು. ನೋಡನೋಡುತ್ತಿದ್ದಂತೆ, ಗಿರಾಕಿಗೆಂದು ಹೊಲಿದು ಗೋಡೆಗೆ ನೇತುಹಾಕಿದ್ದ ಮದುಮಗಳ ಬಿಳಿ ಉಡುಪಿನ ಮೇಲೆಲ್ಲ ಕೆಸರಿನ ಕಲೆ. ಕಲೆಯಾದ ಭಾಗ ಬಿಚ್ಚಿ, ಹೊಸ ಬಟ್ಟೆ ಕೂಡಿಸಿ, ಹೇಗೋ ಮದುವೆಗೆ ಮುಟ್ಟಿಸಿದಳು ಅನ್ನಿ. ಆದರೆ ಸಿಟ್ಟು ಇಳಿಯಲಿಲ್ಲ.

ಸುದ್ದಿ ಕೇಳಿ ದೋಣಿಯವನು ಓಡಿಬಂದ.

"ನಿಮ್ಮನ್ನ ನಂಬಿದ್ದೆ" ಅಂದಳು.

"ಮೇಡಂ, ನೀರು ಬಿಟ್ಟು ತೋರಿಸಿದ್ನಲ್ಲ..."

"ಬಕೆಟ್ ನೀರಿಗೆ ಯಾರು ಬೇಕಾದ್ರೂ ಕಟ್ತಾರೆ. ಇನ್ನು ಈ ಮೆಟ್ಟಿಲು ಹತ್ತಬೇಡಿ."

ಅವನ ಮುಖಕ್ಕೆ ಹೊಡೆದಂತಾಯಿತು. "ಕೆಟ್ಟ ಕೆಲಸಾನ ಯಾರ ಗೋಡೆ ಮೇಲೂ ಬಿಡೋನಲ್ಲ ನಾನು. ಬಿಸಿಲು ಬಂದ ದಿನ ಬಿಚ್ಕೊಂಡು ಹೋಗ್ತೀನಿ" ಅಂದ.

ದಿನವೆಲ್ಲ ವಟಗುಟ್ಟುವ ಅತ್ತೆಗೆ ಅಂದು ಬಾಯೇ ಇರಲಿಲ್ಲ.

ಬಿಸಿಲು ಬಂತು, ಅವನೂ ಬಂದ. ಬಿಚ್ಚುವ ಮೊದಲು ಮನಸ್ಸು ತಡೆಯದೆ ಇನ್ನೊಮ್ಮೆ ಬಕೆಟ್ ನೀರು ಸುರಿದ. ನೀರು ಪೈಪಿನ ತನಕ ಓಡಿ ಅಲ್ಲೇ ನಿಂತಿತು. ಪೈಪಿನ ಬಾಯಿಗೆ ತಂತಿ ಇಳಿಸಿ ಎಳೆದ. ಬಟ್ಟೆ ಬಂತು, ಒದ್ದೆ ಮುದ್ದೆ. ನೀಲಿ ಚೌಕಳಿ.

ಏಣಿಯಿಂದ ಬೀಳದೆ ಹೇಗೆ ಇಳಿದನೋ.

"ಅಂಗಿ ಹೊಲಿಯೋಕೆ ಇಷ್ಟ ಇರ್ಲಿಲ್ಲ ಅಂದ್ರೆ ಬಟ್ಟೆ ವಾಪಸ್ ಕೊಡಬಹುದಿತ್ತು ಮೇಡಂ. ಹರಿದು ಪೈಪಿಗೆ ತುರುಕೋ ಅಂಥದ್ದು ನಾನೇನು ಮಾಡ್ದೆ?"

ಅವಳು ಹತ್ತಿರ ಬಂದು ಚಿಂದಿ ನೋಡಿದಳು. ಅದು ಅಂಗಿ ಕತ್ತರಿಸಿದ ಮೇಲೆ ಉಳಿದು, ಅವಳೇ ಚೂರುಗಳ ಚೀಲಕ್ಕೆ ಹಾಕಿದ್ದ ಬಟ್ಟೆ. ಅದು ಮೇಲಕ್ಕೆ ಹೋದದ್ದು ಹೇಗೆ? ಪೈಪಿನ ಬಾಯಿ ಕೈಗೆ ಸಿಗುವುದು ಅಟ್ಟದ ಕಿಟಕಿಯಿಂದ. ಅಟ್ಟದಲ್ಲಿ ಮಲಗುವುದು...

ನಿಧಾನಕ್ಕೆ ತಿರುಗಿದಳು. ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದಳು.

"ನಾನೇ ಕಣೇ."

"ಅತ್ತೆ..."

"ಇನ್ನೇನು ಮಾಡ್ಲಿ? ನೀನು ಅಂಗಿ ಹೊಲಿದು ನೇತುಹಾಕಿ ಬೀದಿ ನೋಡ್ತಾ ಕೂರ್ತೀಯ, ಹೇಳಿ ಕಳಿಸಲ್ಲ. ಇವನು ತಿರುವಿನ ತನಕ ಬಂದು, ತಲೆ ಕೆರ್ಕೊಂಡು ವಾಪಸ್ ಹೋಗ್ತಾನೆ. ನಾಲ್ಕು ಹನಿ ಸೋರಿದ್ರೆ ರಿಪೇರಿಗೆ ಕರೀಬಹುದಲ್ಲ ಅಂದ್ಕೊಂಡೆ. ಹೊಳೆನೇ ಒಳಗೆ ಬರುತ್ತೆ ಅಂತ ನನಗೇನು ಕನಸಾ?"

ಅವನು ಕೈಯಲ್ಲಿದ್ದ ಚಿಂದಿ ನೋಡಿದ, ಅವಳನ್ನು ನೋಡಿದ.

"ಹಾಗಾದ್ರೆ... ಅಂಗಿ ಆಗಿದೆಯಾ?"

ಅವಳು ಒಳಗೆ ಹೋಗಿ ತಂದಳು. ಇಸ್ತ್ರಿಯ ಮಡಿಕೆ ಕೆಟ್ಟಿರಲಿಲ್ಲ. ಒಂದು ಕಲೆಯಿಲ್ಲ.

"ಗೋಡೆ ಮೇಲಿದ್ದ ಬಟ್ಟೆಯೆಲ್ಲ ನೆನೆದು ಹೋಯ್ತು ಅಂತ ಕೇಳಿದ್ದೆ. ಇದು ಹೇಗೆ ಉಳೀತು?"

ಅವಳು ತಲೆ ಎತ್ತಲಿಲ್ಲ. "ನೀರು ಬಂದಾಗ ಮದುಮಗಳ ಉಡುಪು ಪಕ್ಕದಲ್ಲೇ ಇತ್ತು. ಅದನ್ನ ಬಿಟ್ಟು ಇದನ್ನ ಎತ್ಕೊಂಡು ಓಡಿದೆ. ಆಮೇಲೆ ನನಗೇ ದಿಗಿಲಾಯ್ತು... ಏನು ಮಾಡಿಬಿಟ್ಟೆ ಅಂತ. ಅವತ್ತು ಬೈದಿದ್ದು ನಿಮಗಲ್ಲ. ನನಗೆ."

ಅವನು ಹಳೆಯ ಅಂಗಿಯ ಮೇಲೆಯೇ ಹೊಸದನ್ನು ತೊಟ್ಟ.

"ತೋಳು ಸರಿ ಇದೆಯಾ?" ಅಂತ ಕೇಳಿದ.

"ಇದೆ. ದೋಣಿ ಬಿಚ್ಚಬೇಡಿ."

"ಬಿಚ್ಚಲ್ಲ. ಆದ್ರೆ ಇದು ಕಟ್ಟಿ ಮರೆಯೋ ವಸ್ತು ಅಲ್ಲ ಮೇಡಂ. ಪ್ರತಿ ಮಳೆಗಾಲಕ್ಕೂ ಮೊದಲು ಎಲೆ ತೆಗೀಬೇಕು. ಮನೆಯೋರೇ ಯಾರಾದ್ರೂ ನೋಡ್ಕೊಂಡ್ರೆ ಒಳ್ಳೇದು."

"ಹಾಗಾದ್ರೆ ಮನೆಯೋರಾಗಿ... ಮೊದಲು ಆ ಮೇಡಂ ಅನ್ನೋದು ಬಿಡಿ."

ಇಷ್ಟೇ ನಡೆದದ್ದು. ಈಗಲೂ ಮಳೆಗೆ ಮುಂಚೆ ಅವನು ಏಣಿ ಹತ್ತುತ್ತಾನೆ, ಅವಳು ಕೆಳಗೆ ಏಣಿ ಹಿಡಿಯುತ್ತಾಳೆ, ತಲೆಗೆ ಟವೆಲ್ ಸುತ್ತಿಕೊಂಡು. ನಿಮಗೆ ಗೊತ್ತಿರುವವರಲ್ಲಿ ಅಂಗಿ ಹೊಲಿದಿಟ್ಟುಕೊಂಡು ಬಾಯಿ ಬಿಡದೆ ಕೂತವರು ಇದ್ದರೆ, ಇದನ್ನು ಅವರಿಗೆ ಕಳಿಸಿ. ಅವರ ಅತ್ತೆಯರಿಗೆ ಮಾತ್ರ ಬೇಡ.